ಕದಲಿಸಿದ ಪೂಜೆ

2025ರ ಅಕ್ಟೋಬರ್ 2, ಗುರುವಾರ. ಆ ವರ್ಷ ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಬಿದ್ದಿದ್ದರಿಂದ, ಕಡೂರು ಠಾಣೆಯ ಬಂದೂಕುಗಳು ಹಿಂದಿನ ದಿನದ ಕುಂಕುಮ ಹಚ್ಚಿಕೊಂಡೇ ಮಹಾತ್ಮರ ಪಟದ ಕೆಳಗೆ ಒರಗಿದ್ದವು. ಬೆಳಿಗ್ಗೆ 10.20ಕ್ಕೆ ಹೊನ್ನೆಮರ ಆಸ್ಪತ್ರೆಯ ಆಡಳಿತಾಧಿಕಾರಿ ಪರಮೇಶ್ ದೂರು ತಂದರು. ಕಂಪ್ಯೂಟರ್ ಕೋಣೆಯ ಬೀಗ ಒಡೆದು ಯಾರೋ ಯಂತ್ರಗಳನ್ನು ಕೆಡಿಸಿದ್ದಾರೆ; ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಶಾಖೆಗಳಲ್ಲಿ ಒಂದು ಸ್ಕ್ಯಾನ್ ಚಿತ್ರವೂ ತೆರೆಯುತ್ತಿಲ್ಲ.

"ಏನೇನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಬಸವೇಶ್ ಕೇಳಿದರು.

"ಏನೂ ಇಲ್ಲ ಸಾರ್."

"ಒಳ್ಳೇ ಕಳ್ಳ," ಎಂದು ಎಫ್‌ಐಆರ್ ಬರೆಸಿ ಎದ್ದರು.

ಜೀಪಿನ ಮೇಲಿನ ಪೂಜೆ ಹಾಗೇ ಇತ್ತು. ಹೆಡ್ ಕಾನ್‌ಸ್ಟೆಬಲ್ ಮಂಜಪ್ಪ ಬಾನೆಟ್ಟಿನ ಸೇವಂತಿಗೆ ಹಾರವನ್ನು ಬಲಗೈಯಿಂದ ಉತ್ತರದ ಕಡೆಗೆ ಚೂರು ಸರಿಸಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಹಾರವನ್ನು ಎತ್ತಿ ಬಾಳೆ ಎಲೆಯ ಮೇಲಿಟ್ಟ.

"ಬೇಗ ರೀ, ಮಂಜಪ್ಪ."

"ಪೂಜೆ ಕದಲಿಸ್ದೆ ಕೀಲಿ ತಿರುವಕ್ಕಾಯ್ತದಾ ಸಾರ್? ಹೋದ್ ವರ್ಷ ತಿರುವಿ ಗೇರ್‌ಬಾಕ್ಸ್ ಹೋಯ್ತು."

"ಗೇರ್‌ಬಾಕ್ಸ್ ಹೋಗಿದ್ದು ಆಯಿಲ್ ಇಲ್ದೆ ಕಣ್ರೀ."

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಪಂಚನಹಳ್ಳಿಯ ಅಕ್ಷತಾ. ಯಂತ್ರ ಕೆಟ್ಟಿದ್ದು ಗೊತ್ತಾಗಿದ್ದೇ ಅವಳಿಂದ. ಬೆಳಿಗ್ಗೆ ಬಂದು ತಂದೆ ಈರಭದ್ರಪ್ಪನ ಹಳೆಯ ಸ್ಕ್ಯಾನ್ ಕೇಳಿದ್ದಳು.

"ಶಿವಮೊಗ್ಗದಲ್ಲಿ ಮಲಗ್ಸಿದೀವಿ ಸಾರ್. ತಲೇಲಿ ಗಡ್ಡೆ. ಮಾರ್ಚಲ್ಲಿ ಇಲ್ಲೇ ತೆಗ್ಸಿದ್ದು. ಗಡ್ಡೆ ಅವತ್ತಿಗಿಂತ ಬೆಳ್ದಿದ್ರೆ ನಾಳೆ ಬೆಳಿಗ್ಗೆ ತಲೆ ತೆರೀತಾರಂತೆ. ಬೆಳೀದಿದ್ರೆ ಮುಟ್ಟಲ್ವಂತೆ. ಮುಟ್ಟಿದ್ರೆ ಮಾತು ಹೋದ್ರೂ ಹೋಯ್ತು ಅಂದ್ರು."

"ಇವರು ಕೊಟ್ಟಿದ್ದ ಫಿಲ್ಮು?"

"ಮಳೇಲಿ ನೆಂದು ಅಂಟ್ಕೊಂಡೋಯ್ತು. ಹೊಸ ಸ್ಕ್ಯಾನು ಎಷ್ಟು ಬೇಕಾದ್ರೂ ತೆಗೀಬೋದು ಸಾರ್. ಮಾರ್ಚ್ ತಿಂಗಳ ತಲೇನ ಈಗ ಎಲ್ಲಿಂದ ತರ್ಲಿ?"

ಬಸವೇಶ್ ಅವಳ ತಂದೆಯ ಹೆಸರು ಬರೆದುಕೊಂಡು ಒಳಗೆ ಹೋದರು.

ಏನು ಕೆಟ್ಟಿದೆ ಎಂದು ಬಿಡಿಸಿ ಹೇಳಿದವಳು ಯಶೋಧರಾ. ತರೀಕೆರೆಯವಳು, ಮೂರು ತಿಂಗಳ ಹಿಂದೆ ಸೇರಿದ ಎಂಜಿನಿಯರ್. ಚಿತ್ರಗಳೆಲ್ಲ ಬೀರುವಿನಷ್ಟು ದೊಡ್ಡ ಸ್ಟೋರೇಜ್ ಪೆಟ್ಟಿಗೆಯಲ್ಲಿವೆ. ಅದಕ್ಕೂ ಡಾಕ್ಟರ ಕಂಪ್ಯೂಟರಿಗೂ ನಡುವೆ ಸ್ವಿಚ್ಚು ಎನ್ನುವ ಎರಡು ಚಿಕ್ಕ ಪೆಟ್ಟಿಗೆ. ಒಂದು ಕೈಕೊಟ್ಟರೆ ಇನ್ನೊಂದು ನಡೆಸುತ್ತದೆ. ಯಾರು ಯಾವ ದಾರಿಯಲ್ಲಿ ಹೋಗಬೇಕೆಂಬ ಕಾನ್ಫಿಗರೇಷನ್ ಆ ಸ್ವಿಚ್ಚುಗಳೊಳಗಿರುತ್ತದೆ.

"ಯಾರೋ ಎರಡಕ್ಕೂ ಒಟ್ಟಿಗೇ ಯಂತ್ರ ನಡೆಸೋ ಹೊಸ ಪ್ರೋಗ್ರಾಮು, ಅಂದ್ರೆ ಫರ್ಮ್‌ವೇರ್ ಹಾಕಿದಾರೆ ಸಾರ್. ನಡುವಿನ ಆವೃತ್ತಿಗಳನ್ನ ಹಾರಿಸಿ. ಎರಡೂ ಅಂಗಡಿಯಿಂದ ಬಂದ ಹಾಗೆ ಖಾಲಿ ಕೂತಿವೆ. ಚಿತ್ರಗಳಿಗೆ ಏನೂ ಆಗಿಲ್ಲ, ಅವುಗಳ ದಾರಿ ಅಳಿಸಿಹೋಗಿದೆ."

"ಮತ್ತೆ ಬರೆಯೋಕಾಗಲ್ವಾ?"

"ಬ್ಯಾಕಪ್ ಇದ್ರೆ ಒಂದು ಗಂಟೆ. ಇಲ್ದಿದ್ರೆ ಒಂದು ವಾರ."

"ಇದೆಯಾ?"

"ಇದೆ ಅಂತ ಕನಕರಾಜು ಅವ್ರು ಮೀಟಿಂಗಲ್ಲಿ ಹೇಳಿದ್ರು. ಹುಡುಕಿದೆ. ಸಿಗ್ಲಿಲ್ಲ."

ಕನಕರಾಜು ಹನ್ನೆರಡು ವರ್ಷದಿಂದ ಈ ಕೋಣೆಯ ಉಸ್ತುವಾರಿ. ಪಾಸ್‌ವರ್ಡ್ ಗೊತ್ತಿದ್ದದ್ದು ಅವನಿಗೆ ಮತ್ತು ಯಶೋಧರಾಗೆ ಮಾತ್ರ. ಫರ್ಮ್‌ವೇರ್ ಹಾಕಿದ್ದು ಬುಧವಾರ ಮಧ್ಯಾಹ್ನ. ಆಗ ಇಡೀ ಆಸ್ಪತ್ರೆ ಆಂಬುಲೆನ್ಸ್ ಪೂಜೆಯ ಮುಂದೆ ಕಡ್ಲೆಪುರಿ ತಿನ್ನುತ್ತಿತ್ತು.

ಪರಮೇಶ್ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದರು. "ನಾನ್ ಹೇಳ್ಬಾರ್ದು ಸಾರ್. ಮಿಷನ್ನಿಗೆ ಕುಂಕುಮ ಬೇಡ ಅಂತ ಗಲಾಟೆ ಮಾಡಿದ್ದು ಈಯಮ್ಮನೇ."

ಅದು ಯಶೋಧರಾಗೆ ಕೇಳಿಸಿತು. "ಬೇಡ ಅಂದೆ. ಪುಡಿ ಫ್ಯಾನಿನೊಳಗೆ ಹೋಗುತ್ತೆ, ಹಣೆಗಿಡೋ ಸ್ಟಿಕ್ಕರ್ ಅಂಟಿಸಿ ಅಂದೆ. ಅದು ಗಲಾಟೆನಾ ಸಾರ್?"

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ತರೀಕೆರೇಲಿ, ರೂಮಲ್ಲಿ. ಒಬ್ಬಳೇ. ನಾವು ಬೌದ್ಧರು, ಮನೇಲಿ ಪೂಜೆ ಇಲ್ಲ. ಬಟ್ಟೆ ಒಗೀತಿದ್ದೆ." ಅವಳು ಬಸವೇಶ್ ಅವರ ಕಡೆಗೆ ನೇರ ತಿರುಗಿದಳು. "ಅದಕ್ಕೆ ಸಾಕ್ಷಿ ಇಲ್ಲ ಸಾರ್. ಅರೆಸ್ಟ್ ಮಾಡ್ತೀರಾ?"

"ಪಂಚನಾಮೆ ಮುಗೀಲಿ," ಎಂದರು ಬಸವೇಶ್.

ಕ್ಯಾಂಟೀನಿನವನನ್ನೂ ಕಾವಲುಗಾರನನ್ನೂ ಪಂಚರಾಗಿ ನಿಲ್ಲಿಸಿಕೊಂಡು ಮಂಜಪ್ಪ ಬರೆಯತೊಡಗಿದ. ಕಬ್ಬಿಣದ ಸರಳಿನಿಂದ ಮುರಿದ ಬೀಗ. ಉರುಳಿದ ಕುರ್ಚಿ. ಕಿತ್ತ ಕೇಬಲ್ಲುಗಳು. ನೆಲದ ಮೇಲೆ ಬಾಳೆ ಎಲೆ. ಅದರ ಮೇಲೆ ಎರಡು ಸೇವಂತಿಗೆ ಹಾರ, ಒಂದು ಎಸಳೂ ಉದುರದಂತೆ ಸುತ್ತಿಟ್ಟಿವೆ. ಪಕ್ಕದಲ್ಲಿ ಎರಡು ನಿಂಬೆಹಣ್ಣು. ಅಲ್ಲಿ ಅವನ ಪೆನ್ನು ನಿಂತಿತು.

"ಸಾರ್, ಪೂಜೆ ಇಲ್ಲಿ ಯಾರು ಕದಲಿಸಿದ್ರು?"

ಪರಮೇಶ್ ಕಣ್ಣರಳಿಸಿದರು. "ಇವತ್ತು ಬೆಳಿಗ್ಗೆ ಕದಲಿಸ್ಬೇಕಿತ್ತು. ಬಾಗಿಲು ತೆಗೆದಾಗ್ಲೇ ಹೀಗಿತ್ತು."

ಸ್ವಿಚ್ಚುಗಳ ತಲೆಯ ಮೇಲಿನ ಕುಂಕುಮ ಉತ್ತರದ ಕಡೆಗೆ ಒಂದೇ ಎಳೆಯಾಗಿ ಸವರಿಹೋಗಿತ್ತು. ಬಸವೇಶ್ ಬಗ್ಗಿ ನೋಡಿದರು. ಬೀಗ ಒಡೆದು ಕುರ್ಚಿ ಒದ್ದ ದುಷ್ಕರ್ಮಿ, ಯಂತ್ರ ಮುಟ್ಟುವ ಮುಂಚೆ ಹಾರ ಸರಿಸಿ ಕಣ್ಣಿಗೊತ್ತಿಕೊಂಡಿದ್ದಾನೆ. ಮೂವತ್ತು ಗುಂಡು ಹಾರಿಸುವ ಬಂದೂಕಿಗೂ ಅಷ್ಟೇ ಮರ್ಯಾದೆ ತೋರುವ ಇಲಾಖೆಯವರಾದ್ದರಿಂದ ಅವರಿಗೆ ನಗು ಬರಲಿಲ್ಲ.

"ಯಶೋಧರಾ ಅವ್ರೇ, ಪೂಜೆ ಕದಲಿಸೋದು ಅಂದ್ರೇನು ಗೊತ್ತಾ?"

"ಎಲ್ಲಿಗೆ ಕದಲಿಸೋದು ಸಾರ್?"

ಮಂಜಪ್ಪ ಪಂಚನಾಮೆಯಲ್ಲಿ ಹಾರದ ಸಾಲಿನ ಕೆಳಗೆ ಗೆರೆ ಎಳೆದ.

ಒಂದೂವರೆಗೆ ಬಸ್ ನಿಲ್ದಾಣದ ಕ್ಯಾಮೆರಾ ನೋಡಿದ್ದಾಯಿತು. ಬುಧವಾರ ಊಟದ ಹೊತ್ತಿಗೆ ಅಜ್ಜಂಪುರದ ಬಸ್ಸಿನಿಂದ ಕನಕರಾಜು ಇಳಿದಿದ್ದ. ರಿಪೇರಿಗೆ ಬೇಕಾಗಿದ್ದೀರಿ, ಬನ್ನಿ ಎಂದಷ್ಟೇ ಹೇಳಿ ಕರೆಸಿದರು. ನಾಲ್ಕಕ್ಕೆ ಬಂದ. ಇಸ್ತ್ರಿ ಮಾಡಿದ ಶರ್ಟು, ಮುಖ ಮಾತ್ರ ನಿದ್ದೆಗೆಟ್ಟದ್ದು.

"ನಿನ್ನೆ ಎಲ್ಲಿದ್ರಿ?"

"ಅಜ್ಜಂಪುರದಲ್ಲೇ ಸಾರ್, ಮನೇಲಿ. ಆಯುಧ ಪೂಜೆ ಅಲ್ವಾ."

"ಕಡೂರಿಗೆ ಬರ್ಲಿಲ್ಲ?"

"ಪೂಜೆ ಮಾಡಿದ ಬೈಕು ತೆಗೀತಾರಾ ಸಾರ್?"

"ತೆಗೆಯಲ್ಲ. ಅದಕ್ಕೇ ಬಸ್ಸಲ್ಲಿ ಬಂದ್ರಿ."

ಬಸವೇಶ್ ಉತ್ತರಕ್ಕೆ ಕಾಯದೆ "ಬನ್ನಿ, ಕೋಣೆ ತೋರಿಸಿ," ಎಂದು ಮುಂದೆ ಬಿಟ್ಟರು.

ಬೆಂಚಿನಿಂದ ಅಕ್ಷತಾ ಎದ್ದು ಬಂದಳು. "ಬಂದ್ರಾ ಅಣ್ಣಾ? ನೀವು ಬಂದ್ರೆ ಆಯ್ತದೆ ಅಂದ್ರು ಎಲ್ರೂ. ಹನ್ನೆರಡು ವರ್ಷದಿಂದ ನೀವೇ ನೋಡ್ಕೊಂತಿರೋದಂತಲ್ಲ." ಎರಡೂ ಕೈ ಜೋಡಿಸಿದಳು. "ಅಪ್ಪ ಇನ್ನೂ ಮಾತಾಡ್ತವ್ನೆ ಅಣ್ಣಾ. ಫೋನಲ್ಲಿ ಮೆಂತ್ಯೆ ಬಿತ್ತಿದ್ರಾ ಅಂತ ಕೇಳ್ತಾನೆ. ಹೆಂಗಾದ್ರೂ ಮಾಡಿ."

ಕನಕರಾಜು ಬಸವೇಶ್ ಅವರ ಜೊತೆ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿದ. ಆಮೇಲೆ ಜೇಬಿನಿಂದ ಕೀಲಿಗೊಂಚಲು ತೆಗೆದು, ಅದಕ್ಕೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಬಿಡಿಸಲು ನೋಡಿದ. ಅದು ಬಿಚ್ಚಿಕೊಳ್ಳದೆ ಇಡೀ ಗೊಂಚಲನ್ನೇ ಇನ್‌ಸ್ಪೆಕ್ಟರ ಕೈಗಿಟ್ಟ.

"ಬ್ಯಾಕಪ್ಪು ಸಾರ್. ನಿನ್ನೇದು. ಕೆಡೋಕೆ ಮುಂಚಿನದು."

"ಇದನ್ನ ಬೆಳಿಗ್ಗೆನೇ ಕೊಡ್ಬೋದಿತ್ತಲ್ರೀ!" ಯಶೋಧರಾ ಕಿರುಚಿದಳು.

"ಕೊಟ್ರೆ ನಿನ್ನೆ ಇಲ್ಲಿದ್ದೆ ಅಂತಾಗುತ್ತಲ್ಲ ಮೇಡಂ."

ಯಶೋಧರಾ ಮೊದಲು ಸ್ವಿಚ್ಚುಗಳು ಆಗ ಇದ್ದ ಸ್ಥಿತಿಯದೇ ಒಂದು ಬ್ಯಾಕಪ್ ತೆಗೆದಳು.

"ಹಾಳಾಗಿರೋದನ್ನೂ ತೆಗೆದಿಡ್ಬೇಕಾ?" ಮಂಜಪ್ಪ ಕೇಳಿದ.

"ಹಾಳಾಗಿರೋದನ್ನೂ."

ಒಂದು ಸ್ವಿಚ್ಚಿಗೆ ಹಳೆಯ ಫರ್ಮ್‌ವೇರ್ ಹಾಕಿದಳು, ಪೆನ್‌ಡ್ರೈವಿನ ಕಾನ್ಫಿಗರೇಷನ್ ತುಂಬಿದಳು, ಕಾದಳು. ಅದು ಸರಿಯಾಗಿದೆ ಎಂದು ಖಚಿತವಾಗುವವರೆಗೂ ಎರಡನೆಯದನ್ನು ಮುಟ್ಟಲಿಲ್ಲ. ಹಿಂದೆ ನಿಂತ ಕನಕರಾಜು ಕಣ್ಣು ಮಿಟುಕಿಸದೆ ನೋಡುತ್ತಿದ್ದ, ಹನ್ನೆರಡು ವರ್ಷದಲ್ಲಿ ಮೊದಲ ಸಲ ಪಾಠ ಕೇಳುವವನಂತೆ. ಆರರ ಹೊತ್ತಿಗೆ ಪರದೆಯ ಮೇಲೆ ಈರಭದ್ರಪ್ಪನ ಮಾರ್ಚ್ ತಿಂಗಳ ತಲೆ ಮೂಡಿತು. ಶಿವಮೊಗ್ಗಕ್ಕೆ ಕಳಿಸಿದ ಅರ್ಧ ಗಂಟೆಗೆ ಡಾಕ್ಟರ ಫೋನು ಬಂತು. ಗಡ್ಡೆ ಬೆಳೆದಿಲ್ಲ. ನಾಳೆ ಮುಟ್ಟುವುದಿಲ್ಲ.

ಹೇಳಿಕೆಯಲ್ಲಿ ಕನಕರಾಜು ಏನನ್ನೂ ಮುಚ್ಚಿಡಲಿಲ್ಲ. ಬ್ಯಾಕಪ್ ತೆಗೆಯುವುದು ಅವನಿಗೆ ಯಾವತ್ತೂ ಗೊತ್ತಿರಲಿಲ್ಲ. ಹೊಸ ಎಂಜಿನಿಯರ್ ಎಲ್ಲರ ಮುಂದೆ, ಸೋಮವಾರ ಫರ್ಮ್‌ವೇರ್ ಹಾಕೋಣ, ಬ್ಯಾಕಪ್ ತೋರಿಸಿ ಅಂದಾಗ ಇದೆ ಎಂದುಬಿಟ್ಟಿದ್ದ. ರಜಾ ದಿನ ಬಂದು ಯೂಟ್ಯೂಬ್ ನೋಡಿಕೊಂಡು ತೆಗೆದ. ಬಂತು.

"ಅಷ್ಟಕ್ಕೇ ಎದ್ದು ಹೋಗಿದ್ರೆ?"

"ಬಂದ್ಬಿಡ್ತಲ್ಲ ಸಾರ್. ಖುಷಿಯಾಯ್ತು. ಫರ್ಮ್‌ವೇರೂ ನಾನೇ ಹಾಕ್ಬಿಟ್ರೆ ಸೋಮವಾರ ಯಾರೂ ನನ್ನನ್ನ ಏನೂ ಕೇಳಲ್ಲ ಅನ್ನಿಸ್ತು." ಕೆಟ್ಟ ಮೇಲೆ ಬ್ಯಾಕಪ್ ವಾಪಸ್ ಹಾಕಲು ನೋಡಿದ, ಯಂತ್ರ ತೆಗೆದುಕೊಳ್ಳಲಿಲ್ಲ. ಆಮೇಲೆ, ಯಾರೋ ನುಗ್ಗಿ ಕೆಡಿಸಿದ ಹಾಗೆ ಕಾಣಲಿ ಎಂದು ಬೀಗ ಒಡೆದ.

"ನಿಮ್ಮ ತಪ್ಪಿಗೆ ಯಶೋಧರಾ ಜೈಲಿಗೆ ಹೋಗ್ತಿದ್ಲು, ಗೊತ್ತಿತ್ತಾ?"

"ಗೊತ್ತಿತ್ತು ಸಾರ್," ಎಂದ.

ಬಂಧನದ ಮೆಮೊಗೆ ಸಹಿ ಹಾಕಿಸಿಕೊಂಡು ಮಂಜಪ್ಪ ಕೇಳಿದ, "ಉದ್ದೇಶ ಅನ್ನೋ ಕಡೆ ಏನ್ ಬರೀಲಿ ಸಾರ್?"

"ತನಗೆ ಗೊತ್ತಿಲ್ಲ ಅಂತ ಹೇಳೋಕಾಗದೆ, ಅಂತ ಬರೀರಿ."

ಜೀಪು ಹೊರಡುವಾಗ ಅಕ್ಷತಾ ಬ್ಯಾಗು ಎತ್ತಿಕೊಂಡು ಓಡಿಬಂದಳು. ಕೋಣೆಯೊಳಗಿನ ಮಾತು ಯಾವುದೂ ಅವಳಿಗೆ ಮುಟ್ಟಿರಲಿಲ್ಲ. ಇಬ್ಬರು ಪೊಲೀಸರ ನಡುವೆ ಕೂತವನ ಕೈ ಹಿಡಿದು, "ನಿಮ್ಮಿಂದ ಆಯ್ತಣ್ಣಾ. ಮನೇಲಿ ದೀಪ ಹಚ್ಚುವಾಗ ನಿಮ್ ಹೆಸ್ರು ಹೇಳ್ತೀನಿ. ಏನ್ ಹೆಸ್ರು?" ಎಂದಳು.

ಕನಕರಾಜು ತಲೆ ತಗ್ಗಿಸಿದ. "ಯಶೋಧರಾ," ಎಂದ. "ಒಳಗವ್ರೆ, ಹೋಗಿ ಹೇಳಮ್ಮ."