ಕನ್ನಡಿಯಲ್ಲಿ ಕಂಡ ಮ್ಯಾಚು

"ಸೋಲ್ಲಿ! ಮೂರಲ್ಲ, ಮೂವತ್ತು ಗೋಲಲ್ಲಿ ಸೋಲ್ಲಿ!"

ಬುಗುರಿ ಕೂಗಿದ ರಭಸಕ್ಕೆ ಆಟದ ಮೈದಾನದ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ನಿಂತಲ್ಲಿ ನಿಲ್ಲದ ಹುಡುಗಿ ಅಂತ ಮನೆಯಲ್ಲಿ ಇಟ್ಟ ಅಡ್ಡಹೆಸರು ಅವಳ ಹಿಂದೆಯೇ ಶಾಲೆಗೂ ಬಂದಿತ್ತು. ಕೋಪವಂತೂ ಅವಳಿಗೆ ಸದಾ ಮೂಗಿನ ತುದಿಯಲ್ಲೇ.

ಅವಳ ಎದುರು ನಿಂತಿದ್ದವನು ಡ್ರಮ್ಮು. ಬೆಂಚು, ಡಬ್ಬಿ, ಮುಂದೆ ಕೂತವನ ಬೆನ್ನು, ಏನು ಸಿಕ್ಕರೂ ಬಾರಿಸುವ ಹುಡುಗ. ಇಬ್ಬರೂ ಒಂದೇ ಬೀದಿಯವರು, ಒಂದೇ ಬೆಂಚಿನವರು. ಆದರೆ ಡ್ರಮ್ಮು ಕೆಂಪು ಕ್ಲಬ್ಬಿನ ಕಡೆ, ಬುಗುರಿ ನೀಲಿ ಕ್ಲಬ್ಬಿನ ಕಡೆ. ಫುಟ್‌ಬಾಲ್ ವಿಷಯ ಬಂದರೆ ಸಾಕು, ಇಬ್ಬರೂ ಹಾವು ಮುಂಗುಸಿ.

"ಇವತ್ತು ನಮ್ಮ ಟೀಮ್ ಆಡ್ತಿರೋದು ಬೇರೆ ಬೇರೆ ದೇಶದ ಕ್ಲಬ್ಬುಗಳು ಬರೋ ಖಂಡದ ಕಪ್ಪಲ್ಲಿ ಕಣೇ," ಎಂದ ಡ್ರಮ್ಮು. "ನಿಮ್ಮ ನೀಲಿಯವರು ಆ ಕಪ್ಪನ್ನ ಟಿ.ವಿ.ಲಿ ಮಾತ್ರ ನೋಡಿರೋದು."

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಬುಗುರಿಗೆ ಮೈಯೆಲ್ಲ ಉರಿಯಿತು.

"ನಾನು ಕೆಂಪಿಗೆ ಚಪ್ಪಾಳೆ ಹೊಡೆದ ದಿನ, ನಿನ್ನ ಈ ದರಿದ್ರ ಟೋಪಿ ಹಾಕ್ಕೊಂಡು ಬೀದಿ ತುಂಬ ನಡೀತೀನಿ, ನೋಡ್ತಿರು!"

ಡ್ರಮ್ಮುವಿನ ಕೈ ತಲೆಯ ಮೇಲಿನ ಕೆಂಪು ಟೋಪಿಗೆ ಹೋಯಿತು. ಅವನ ಅಮ್ಮ ಉಲ್ಲನ್ನಿನಲ್ಲಿ ಹೆಣೆದುಕೊಟ್ಟಿದ್ದ ಟೋಪಿ. ಒಂದು ಕಿವಿಯ ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಅವನು ಅದನ್ನು ತೆಗೆದು ಚೀಲದೊಳಗಿಟ್ಟ. ಬುಗುರಿ ನಾಲಿಗೆ ಕಚ್ಚಿಕೊಂಡಳು. ಆದರೆ ಸಾರಿ ಕೇಳುವಷ್ಟರಲ್ಲಿ ಸೀಟಿ ಸರ್ ಬಂದುಬಿಟ್ಟರು.

ಸೀಟಿ ಸರ್ ಅಂದರೆ ಆಟದ ಮೇಷ್ಟ್ರು. ಜಗಳದ ಕತೆ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಮ್ಮಾ, ಇವತ್ತು ಕೆಂಪು ಗೆಲ್ಲಲಿ ಅಂತ ಎಲ್ಲರಿಗಿಂತ ಜಾಸ್ತಿ ಬೇಡ್ಕೋಬೇಕಾದವಳು ನೀನೇ!"

"ನಾನಾ? ಯಾಕೆ ಸರ್?"

"ನೋಡು, ಖಂಡದ ಕಪ್ಪಲ್ಲಿ ಒಂದು ಕ್ಲಬ್ ಗೆದ್ದು ತಂದ ಪಾಯಿಂಟು ಅದರ ಜೇಬಿಗೆ ಮಾತ್ರ ಹೋಗಲ್ಲ. ಇಡೀ ದೇಶದ ಹುಂಡಿಗೂ ಬೀಳುತ್ತೆ. ಹುಂಡಿ ತುಂಬಿದ ದೇಶಕ್ಕೆ ಆ ಕಪ್ಪಲ್ಲಿ ಸೀಟು ಜಾಸ್ತಿ. ಈಗ ನಮ್ಮ ದೇಶಕ್ಕೆ ಇರೋದು ಒಂದೇ ಸೀಟು. ಲೀಗಲ್ಲಿ ಮೊದಲು ಬಂದ ಕ್ಲಬ್ ಮಾತ್ರ ಹೋಗುತ್ತೆ. ಇವತ್ತು ಕೆಂಪು ಗೆದ್ರೆ ನಮ್ಮ ಹುಂಡಿ ಪಕ್ಕದ ದೇಶದ ಹುಂಡಿಯನ್ನ ದಾಟುತ್ತೆ. ಡ್ರಾ ಆದ್ರೆ ಸಾಲದು, ಗೆಲ್ಲಲೇಬೇಕು. ಗೆದ್ರೆ ಮುಂದಿನ ವರ್ಷ ಎರಡು ಸೀಟು. ಈ ಸಲ ಲೀಗಲ್ಲಿ ಎರಡನೇ ಸ್ಥಾನ ಯಾರದು, ಹೇಳು?"

ಬುಗುರಿ ಮೆಲ್ಲಗೆ ಅಂದಳು, "ನೀಲಿದು ಸರ್."

ಡ್ರಮ್ಮು ಬಾಯಿ ತೆರೆದವನು ಮುಚ್ಚಲು ಮರೆತ. ಅವನಿಗೂ ಇದು ಗೊತ್ತಿರಲಿಲ್ಲ. ಆದರೂ ಅವನು ಬುಗುರಿಯ ಕಡೆ ನೋಡಲಿಲ್ಲ. ಆಮೇಲಿನ ಪೀರಿಯಡ್ಡುಗಳಲ್ಲಿ ಬೆಂಚೂ ಬಾರಿಸಲಿಲ್ಲ.

ಸಂಜೆ ಬುಗುರಿ ಮನೆಯೊಳಗೆ ನುಗ್ಗಿ ಚೀಲ ಎಸೆದದ್ದೇ, "ಅಜ್ಜಾ!" ಎಂದು ಕೂಗಿದಳು.

ಅಜ್ಜ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಿದ್ದ. ಅದು ನೆಟ್ಟಗೇ ಇತ್ತು. ಆದರೆ ಅಜ್ಜನ ಕಣ್ಣು ಸೊಟ್ಟ ಎನ್ನುವುದನ್ನು ಸಹಿಸದು. ಪ್ರಾಯದಲ್ಲಿದ್ದಾಗ ಅವನು ನೀಲಿ ಕ್ಲಬ್ಬಿನ ಮೈದಾನದಲ್ಲಿ ಕೆಲಸಕ್ಕಿದ್ದ. ಮ್ಯಾಚಿನ ದಿನ ಬೆಳಗ್ಗೆ ಗೂಟ ನೆಟ್ಟು, ಹಗ್ಗ ಬಿಗಿದು, ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆಯುವುದು ಅವನ ಕೆಲಸ. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಚಾಪೆ, ತಟ್ಟೆ, ಬುಗುರಿಯ ಜಡೆ, ಎಲ್ಲವನ್ನೂ ನೆಟ್ಟಗೆ ಮಾಡುತ್ತಲೇ ಇದ್ದ.

ಅಜ್ಜನಿಗೆ ಒಂದೇ ಒಂದು ಆಸೆ. ಖಂಡದ ಕಪ್ಪಿನ ಮ್ಯಾಚು ಶುರುವಾಗುವ ಮೊದಲು ಎರಡೂ ತಂಡಗಳು ಸಾಲಾಗಿ ನಿಲ್ಲುತ್ತವೆ, ಆ ಕಪ್ಪಿನದ್ದೇ ಒಂದು ಹಾಡು ಹಾಕುತ್ತಾರೆ. ಆ ಹಾಡನ್ನು ತಾನು ಗೆರೆ ಎಳೆದ ಹುಲ್ಲಿನ ಪಕ್ಕ ಕೂತು ಒಮ್ಮೆ ಕೇಳಬೇಕು. ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಆ ಹಾಡು ಬುಗುರಿಗೂ ಬಾಯಿಪಾಠ.

ಅವಳು ಹುಂಡಿಯ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಅಜ್ಜನ ಮುಖ ಗಂಟಾಯಿತು. "ಕೆಂಪಿನವರ ಹಂಗಲ್ಲಿ ಬರೋ ಸೀಟು ನಂಗೆ ಬೇಡ. ಕೆಂಪು ಆಡೋ ಮ್ಯಾಚನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಇನ್ನೂ ನೋಡಲ್ಲ."

"ನೀಲಿ ಜೊತೆ ಆಡಿದಾಗ?"

"ಆಗ ನೀಲಿಯನ್ನ ಮಾತ್ರ ನೋಡ್ತೀನಿ."

ಬುಗುರಿ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಳು. ಅಜ್ಜ ಮನೆಯೊಳಗೆ ಆಚೆಗೆ ಈಚೆಗೆ ಓಡಾಡಿದ. ಗಡಿಯಾರ ನೋಡಿದ. ಗಲ್ಲ ಸವರಿಕೊಂಡ. ಕೊನೆಗೆ ಚಪ್ಪಲಿ ಮೆಟ್ಟಿದ.

"ಗಡ್ಡ ಬಂದಿದೆ. ಶೇವ್ ಮಾಡಿಸ್ಕೊಂಡು ಬರ್ತೀನಿ."

ಒಳಗಿನಿಂದ ಅಮ್ಮ ಕೇಳಿದಳು, "ನಿನ್ನೆ ತಾನೆ ಮಾಡಿಸ್ಕೊಂಡ್ರಲ್ಲಪ್ಪಾ?"

"ಈಗೀಗ ಬೇಗ ಬೆಳೀತಿದೆ," ಎಂದ ಅಜ್ಜ.

ಬುಗುರಿಯ ಕಿವಿ ನೆಟ್ಟಗಾಯಿತು. ಬೀದಿಯಲ್ಲಿ ಇದ್ದದ್ದು ಒಂದೇ ಕಟಿಂಗ್ ಶಾಪು. ಅದು ಡ್ರಮ್ಮುವಿನ ಅಪ್ಪನದು. ಅಲ್ಲಿ ಟಿ.ವಿ. ಇತ್ತು. ಅವಳು ಅಜ್ಜನ ಹಿಂದೆಯೇ ಓಡಿದಳು.

ಅಂಗಡಿ ಇಷ್ಟೇ ಇಷ್ಟು. ಗೋಡೆಯ ಉದ್ದಕ್ಕೂ ಕನ್ನಡಿ, ಅದರ ಮುಂದೆ ಒಂದು ಕುರ್ಚಿ, ಹಿಂದೆ ಕಾಯುವವರಿಗೆ ಬೆಂಚು. ಬೆಂಚಿನ ಮೇಲ್ಗಡೆ ಗೋಡೆಯಲ್ಲಿ ಟಿ.ವಿ. ಮ್ಯಾಚು ಆಗಲೇ ಅರ್ಧ ಮುಗಿದಿತ್ತು. ಸ್ಕೋರು ಒಂದು–ಒಂದು.

ಡ್ರಮ್ಮುವಿನ ಅಪ್ಪ ಅಜ್ಜನನ್ನು ಕಂಡು ತಬ್ಬಿಬ್ಬಾದರು. "ಯಜಮಾನ್ರೇ, ಇವತ್ತಾ? ಟಿ.ವಿ.ಲಿ ನಮ್ಮ ಮ್ಯಾಚ್ ಬರ್ತಿದೆ. ಆಫ್ ಮಾಡ್ಲಾ?"

"ನಿಮ್ಮ ಅಂಗಡಿ, ನಿಮ್ಮ ಟಿ.ವಿ. ನಾನಂತೂ ಆ ಕಡೆ ನೋಡಲ್ಲ. ನೀವು ಗಡ್ಡ ನೋಡಿ."

ಅಜ್ಜ ಟಿ.ವಿ.ಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತ. ಡ್ರಮ್ಮುವಿನ ಅಪ್ಪ ಅವನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಬ್ರಷ್ಷಿನಿಂದ ನೊರೆ ಹಚ್ಚತೊಡಗಿದರು. ಬುಗುರಿ ಬೆಂಚಿನ ಒಂದು ತುದಿಯಲ್ಲಿ ಕತ್ತು ಹಿಂದಕ್ಕೆ ತಿರುಗಿಸಿ ಟಿ.ವಿ. ನೋಡುತ್ತಾ ಕೂತಳು. ಇನ್ನೊಂದು ತುದಿಯಲ್ಲಿ ಡ್ರಮ್ಮು ಕೂತಿದ್ದ. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಖಾಲಿ. ಬುಗುರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಕೈಗಳ ಮೇಲೆ ಅವಳಿಗೆ ಯಾಕೋ ನಂಬಿಕೆ ಇರಲಿಲ್ಲ.

ಕೆಂಪಿನವರು ನುಗ್ಗುತ್ತಲೇ ಇದ್ದರು, ಚೆಂಡು ಮಾತ್ರ ಗೋಲಿಗೆ ಹೋಗುತ್ತಿರಲಿಲ್ಲ. ಒಂದು ಸಲ ಕಂಬಕ್ಕೆ ಬಡಿಯಿತು. ಇನ್ನೊಂದು ಸಲ ಮೇಲೆ ಹಾರಿಹೋಯಿತು. ಅಜ್ಜನ ಮುಖದ ನೊರೆ ಒಣಗಿತು. ಡ್ರಮ್ಮುವಿನ ಅಪ್ಪ ಮತ್ತೆ ಹಚ್ಚಿದರು. ಅದೂ ಒಣಗಿತು. ಮತ್ತೆ ಹಚ್ಚಿದರು. ಬ್ಲೇಡು ಹಿಡಿದು ನೋಡಿದರು, ಕೈ ನಡುಗುತ್ತಿತ್ತು. ಕೆಳಗಿಟ್ಟು ಪುನಃ ಬ್ರಷ್ಷನ್ನೇ ಎತ್ತಿಕೊಂಡರು. ಅಜ್ಜ, "ಯಾಕಪ್ಪಾ ತಡ?" ಎಂದು ಒಂದು ಸಲವೂ ಕೇಳಲಿಲ್ಲ.

ಮ್ಯಾಚು ಮುಗಿಯುವ ಹೊತ್ತು ಬಂತು. ಕೆಂಪಿನವರ ಪುಟ್ಟ ಆಟಗಾರನೊಬ್ಬ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನ ಹಾಗೆ ಮುನ್ನುಗ್ಗಿದ. ಎದುರಿಗೆ ಮೂವರು ಅಡ್ಡ ಬಂದರು.

"ಎಡಕ್ಕೆ ಕೊಡೋ! ಎಡಗಡೆ ಖಾಲಿ ನಿಂತಿದಾನೆ, ಕೊಡೋ!"

ಕೂಗಿದ್ದು ಅಜ್ಜ.

"ಅಜ್ಜಾ, ಅದು ಬಲಗಡೆ!" ಎಂದ ಡ್ರಮ್ಮು.

ಬುಗುರಿ ಥಟ್ಟನೆ ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಅಜ್ಜನ ನೊರೆ ಮುಖದ ಪಕ್ಕದಲ್ಲೇ ಟಿ.ವಿ. ಇಡಿಯಾಗಿ ಕಾಣುತ್ತಿತ್ತು, ಎಡ ಬಲ ಅದಲುಬದಲಾಗಿ! ಅಜ್ಜ ಕೂತಾಗಿನಿಂದ ಮ್ಯಾಚು ನೋಡುತ್ತಿದ್ದ!

ನಗುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಪುಟ್ಟ ಆಟಗಾರ ಪಾಸ್ ಕೊಟ್ಟೇಬಿಟ್ಟ. ಖಾಲಿ ನಿಂತಿದ್ದವನು ಒದ್ದ. ಚೆಂಡು ಗೋಲ್‌ಕೀಪರನ ಕೈಬೆರಳು ಸವರಿಕೊಂಡು ಬಲೆಗೆ ಬಿತ್ತು.

"ಗೋ...ಲ್!"

ಆಮೇಲೆ ಏನಾಯಿತೆಂದು ಬುಗುರಿಗೆ ಸರಿಯಾಗಿ ಗೊತ್ತಾಗಲಿಲ್ಲ. ಅವಳು ಬೆಂಚಿನ ಮೇಲೆ ನಿಂತಿದ್ದಳು. ಅಂಗೈ ಉರಿಯುವಷ್ಟು ಚಪ್ಪಾಳೆ ಹೊಡೆಯುತ್ತಿದ್ದಳು. ಡ್ರಮ್ಮು ಅವಳ ಬೆನ್ನನ್ನೇ ಡ್ರಮ್ ಮಾಡಿಕೊಂಡು ಬಾರಿಸುತ್ತಿದ್ದ. ಬಿಳಿ ಬಟ್ಟೆ ಹೊದ್ದ ಅಜ್ಜ ಡ್ರಮ್ಮುವಿನ ಅಪ್ಪನನ್ನು ಬಿಗಿಯಾಗಿ ತಬ್ಬಿಕೊಂಡಿದ್ದ. ನೊರೆಯೆಲ್ಲ ಅವರ ಅಂಗಿಗೆ ಮೆತ್ತಿತ್ತು.

ರೆಫರಿ ಸೀಟಿ ಊದಿದ. ಕೆಂಪು ಗೆದ್ದಿತ್ತು.

ಅಜ್ಜ ಗಂಭೀರವಾಗಿ ಮತ್ತೆ ಕುರ್ಚಿಯಲ್ಲಿ ಕೂತ. "ನಾನು ಟಿ.ವಿ. ನೋಡ್ಲಿಲ್ಲ. ಕನ್ನಡಿ ನೋಡ್ದೆ. ಶೇವ್ ಮಾಡಿಸ್ಕೊಳ್ಳೋನು ಇನ್ನೇನು ನೋಡ್ತಾನೆ?"

"ಹೌದು ಮತ್ತೆ," ಎಂದರು ಡ್ರಮ್ಮುವಿನ ಅಪ್ಪ, ನಗು ತಡೆದುಕೊಂಡು. "ಮುಂದಿನ ವರ್ಷ ನಿಮ್ಮ ನೀಲಿ ಆಡುತ್ತಲ್ಲ, ಆಗ ಈ ಕುರ್ಚಿಯಲ್ಲಿ ನಾನು ಕೂತ್ಕೋತೀನಿ. ನೊರೆ ನೀವು ಹಚ್ಚಬೇಕು."

"ನನ್ನ ಕೈ ಮಾತ್ರ ನೆಟ್ಟಗೆ ಹೋಗುತ್ತೆ, ನಿಮ್ಮ ಥರ ನಡುಗಲ್ಲ," ಎಂದ ಅಜ್ಜ.

ಬುಗುರಿ ಡ್ರಮ್ಮುವಿನ ಕಡೆ ಕೈ ಚಾಚಿದಳು. "ಕೊಡೋ."

"ಏನು?"

"ಟೋಪಿ. ಮಾತು ಅಂದ್ರೆ ಮಾತು. ಮತ್ತೆ... ಅದು ದರಿದ್ರ ಟೋಪಿ ಅಲ್ಲ. ಸುಮ್ನೆ ಬಾಯಿಗೆ ಬಂತು. ಸಾರಿ ಕಣೋ."

ಡ್ರಮ್ಮು ಚೀಲದಿಂದ ಟೋಪಿ ತೆಗೆದುಕೊಟ್ಟ. "ನಾಳೆ ವಾಪಸ್ ತಾ. ಉದ್ದ ಇರೋದು ಎಡಗಿವಿಗೆ."

ಶೇವ್ ಮುಗಿದ ಮೇಲೆ ಅಜ್ಜನೂ ಮೊಮ್ಮಗಳೂ ಬೀದಿಗೆ ಬಂದರು. ಬೀದಿದೀಪ ಆಗ ತಾನೇ ಹತ್ತಿತ್ತು. ಕೆಂಪು ಟೋಪಿ ಹಾಕಿಕೊಂಡ ನೀಲಿ ಹುಡುಗಿಯನ್ನು ಕಂಡು ಎದುರುಮನೆಯ ಅಕ್ಕ ಕಿಸಕ್ಕನೆ ನಕ್ಕಳು. ಬುಗುರಿಗೆ ಕೋಪ ಬರಲಿಲ್ಲ. ಟೋಪಿ ಬೆಚ್ಚಗಿತ್ತು.

"ಅಜ್ಜಾ, ಗೋಲ್ ಬಿದ್ದಾಗ ನಿಂಗೆ ನೀಲಿ ಸೀಟು ನೆನಪಾಯ್ತಾ?"

ಅಜ್ಜ ಕಣ್ಣುಜ್ಜಿಕೊಂಡ. "ಕಣ್ಣಿಗೆ ಸೋಪು ಹೋಗಿತ್ತು ಮರಿ. ಏನೂ ನೆನಪಾಗ್ಲಿಲ್ಲ."

ಆ ಕಣ್ಣು ಕನ್ನಡಿಯಲ್ಲಿ ಎಷ್ಟು ಅಗಲವಾಗಿ ತೆರೆದಿತ್ತೆಂದು ಬುಗುರಿ ನೋಡಿದ್ದಳು.

"ನಂಗೂ ನೆನಪಾಗ್ಲಿಲ್ಲ," ಎಂದಳು.

ಮನೆಯ ಮೆಟ್ಟಿಲ ಬಳಿ ಅಜ್ಜ ನಿಂತ. ಬಗ್ಗಿ ಅವಳ ತಲೆಯನ್ನೇ ದಿಟ್ಟಿಸಿದ. ಈಗ ಟೋಪಿ ತೆಗೆ ಅನ್ನುತ್ತಾನೆ ಎಂದುಕೊಂಡಳು ಬುಗುರಿ.

"ಸೊಟ್ಟಗಿದೆ," ಎಂದ ಅಜ್ಜ. ಎರಡೂ ಕೈಯಲ್ಲಿ ಹಿಡಿದು ಕೆಂಪು ಟೋಪಿಯನ್ನು ನೆಟ್ಟಗೆ ಮಾಡಿದ. ಆಮೇಲೆ ಖಂಡದ ಕಪ್ಪಿನ ಆ ಹಾಡನ್ನು ಗುನುಗುತ್ತಾ ಮೆಟ್ಟಿಲು ಹತ್ತಿದ. ಬುಗುರಿಯೂ ದನಿಗೂಡಿಸಿದಳು.