ಮೂರು ಸಲ ತಟ್ಟಿದ ಬಾಗಿಲು

೧೯೮೨ರ ಜೂನ್ ೧೪, ಸೋಮವಾರ. ಬೆಳಿಗ್ಗೆ ಹತ್ತಕ್ಕೆ ವೈಟ್‌ಫೀಲ್ಡ್ ಪೊಲೀಸ್ ಠಾಣೆಗೆ ನಿವೃತ್ತ ಬಿಷಪ್ ಪಿನಕ್ ಬಂದು ದೂರು ಕೊಟ್ಟರು. ಆಫ್ರಿಕಾದ ದಕ್ಷಿಣದಲ್ಲಿ ಮೊಲೇನಿ ಡಯಾಸಿಸ್, ಅಂದರೆ ಅಲ್ಲಿನ ಆಂಗ್ಲಿಕನ್ ಚರ್ಚುಗಳ ಒಂದಿಡೀ ಪ್ರಾಂತ. ಅದನ್ನು ಹದಿನೆಂಟು ವರ್ಷ ಆಳಿದ ಬಿಳಿಯರು ಇವರು. ಅವರ ಅಧಿಕಾರದ ಬೆಳ್ಳಿಕಟ್ಟಿನ ಕೋಲು ಭಾನುವಾರ ಮಧ್ಯಾಹ್ನ, ನಿವೃತ್ತಿಯ ಮೇಲೆ ಅವರು ನೆಲೆಸಿದ್ದ ಇಲ್ಲಿನ ಬಂಗಲೆಯಿಂದ ಕಳುವಾಗಿತ್ತು.

"ಯಾರ ಮೇಲೆ ಅನುಮಾನ?"

"ಅಡಿಗೆಯ ಪಿಳ್ಳಮ್ಮ."

ಕಳವಾದರೆ ಅಡಿಗೆಯವಳು! ಇಷ್ಟು ಹೇಳುವುದಕ್ಕೆ ಬಿಷಪ್ಪೇ ಆಗಬೇಕಿರಲಿಲ್ಲ ಅಂದುಕೊಂಡರು ಸಬ್‌ಇನ್‌ಸ್ಪೆಕ್ಟರ್ ವೆಂಕಟೇಶಪ್ಪ. ಎಫ್‌ಐಆರ್ ಬರೆಸಿ, ಕಾನ್‌ಸ್ಟೇಬಲ್ ಆಂಜಿನಪ್ಪನೊಂದಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಬೆಳ್ಳಿ ಚಮಚಗಳು ಇದ್ದಲ್ಲೇ ಇದ್ದವು.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಚರ್ಚಲ್ಲಿ ಕಸ ಗುಡಿಸ್ತಿದ್ದೆ ಸೋಮಿ," ಎಂದಳು ಪಿಳ್ಳಮ್ಮ. "ನಾಯಿ ನುಗ್ತವೆ ಅಂತ ಮುಂದ್ಲ ಬಾಗ್ಲು ಆಕ್ಕೊಂಡಿದ್ದೆ. ಯಾರೋ ಮೂರು ಸಲ ಬಡುದ್ರು. ಇಂದ್ಗಡೆ ಬಾಗ್ಲಿಂದ ಬನ್ನಿ ಅಂದೆ. ಬರ್ಲಿಲ್ಲ."

ಚರ್ಚಿನ ತೇಗದ ಬಾಗಿಲಲ್ಲಿ ಎದೆಮಟ್ಟಕ್ಕೆ ಮೂರು ಹೊಸ ತಗ್ಗುಗಳಿದ್ದವು. ಆಂಜಿನಪ್ಪ ಬೆರಳಿಟ್ಟು ನೋಡಿದ.

"ಕೈಯಲ್ಲಿ ಬಡಿದಿದ್ದಲ್ಲ ಸಾರ್. ಕೋಲಿನ ತುದಿ."

ಬಿಷಪ್ಪರನ್ನು ಕೇಳಿದ್ದಕ್ಕೆ ಪದ್ಧತಿ ಹೇಳಿದರು. ಹೊಸ ಬಿಷಪ್ ಪಟ್ಟಕ್ಕೆ ಬರುವ ದಿನ ಚರ್ಚಿನ ಬಾಗಿಲು ಹಾಕಿರುತ್ತಾರೆ. ಅವನು ಕೋಲಿನಿಂದ ಮೂರು ಸಲ ತಟ್ಟಬೇಕು, ಒಳಗಿನವರು ತೆರೆದು ಬರಮಾಡಿಕೊಳ್ಳಬೇಕು.

"ಈ ಊರಲ್ಲಿ ಅದನ್ನು ನೋಡಿದವರು?"

"ಬೈರಪ್ಪ. ನನ್ನ ಕೋಲು ಹೊರುತ್ತಿದ್ದವನು," ಎಂದು ನಕ್ಕರು ಪಿನಕ್.

ಯೇಸುದಾಸ ಬೈರಪ್ಪ ವರ್ತೂರಿನವರು. ಹರೆಯದಲ್ಲಿ ಮಿಷನ್ನಿನವರೊಂದಿಗೆ ಹಡಗು ಹತ್ತಿ, ಮೊಲೇನಿಯಲ್ಲೇ ಪಾದ್ರಿಯಾದವರು. ಈಗ ಬಂಗಲೆಯ ಹಿಂದಿನ ಕೋಣೆಯಲ್ಲಿದ್ದರು. ಕೋಲು ಅವರ ಮಂಚದ ಮೇಲೆಯೇ ಇತ್ತು.

"ಯಾಕೆ ತಗೊಂಡ್ರಿ?"

"ಅಲ್ಲಿನ ಜನ ಓಟಾಕಿ ಬಿಷಪ್ ಅಂತ ಆರಿಸಿದ್ದು ನನ್ನ. ಇಂಡಿಯಾದೋನು ಬ್ಯಾಡ ಅಂದ್ರು ಮೇಲಿನೋರು. ಈ ಪಿನಕ್ ಅವರನ್ನ ಕರೆಸಿ ಕೂರಿಸಿದ್ರು. ಅದಿನೆಂಟು ವರ್ಷ ಇವರ ಮುಂದೆ ಇದೇ ಕೋಲು ಇಡ್ಕೊಂಡು ನಡೆದೆ."

"ಹಳೇ ಮಾತಲ್ವಾ?"

"ನಿನ್ನೆ ಬೆಳಿಗ್ಗೆ ಇವರು ಚರ್ಚಲ್ಲಿ ನಮ್ಮ ಡಯಾಸಿಸ್ಸಿನ ನೂರು ವರ್ಷದ ಚರಿತ್ರೆ ಏಳಿದ್ರು. ಆ ಕತೇಲಿ ಬಿಷಪ್ಪುಗಳೆಲ್ಲ ಬಂದ್ರು, ಆ ಎಲೆಕ್ಷನ್ ಮಾತ್ರ ಬರಲಿಲ್ಲ. ಸಾಯೋದ್ರೊಳಗೆ ಒಂದ್ಸಲ ಬಾಗ್ಲು ತಟ್ಟಿ ನೋಡೋಣ ಅನ್ನಿಸ್ತು."

"ತೆಗೆದ್ರಾ?"

"ಇಂದ್ಗಡೆಯಿಂದ ಬನ್ನಿ ಅಂದ್ರು. ಅಲ್ಲೂ ಬಿಳಿಯರ ಚರ್ಚಲ್ಲಿ ನಮ್ಮಂತೋರಿಗೆ ಅದನ್ನೇ ಅಂತಿದ್ರು. ಬಂದ್ಬಿಟ್ಟೆ."

"ಆ ಹೆಂಗಸು ಜೈಲಿಗೆ ಹೋಗ್ತಿದ್ಲು, ಗೊತ್ತಾ?"

ಬೈರಪ್ಪ ತಲೆ ತಗ್ಗಿಸಿದರು. "ಅದು ನನ್ನ ತಪ್ಪು. ಬರಕೊಳ್ಳಿ."

ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಕೋಲು ಯಾವಾಗ ವಾಪಸು ಸಿಗುತ್ತದೆ ಎಂದು ಪಿನಕ್ ಕೇಳಿದರು, ಬೇರೇನೂ ಕೇಳಲಿಲ್ಲ. ಕೋರ್ಟಿನಲ್ಲಿ ಕೇಳಿ ಎಂದರು ವೆಂಕಟೇಶಪ್ಪ. ಅವರಿಗೆ ಪಿನಕ್ ಅವರ ಮುಖ ನೋಡಲು ಮನಸ್ಸಾಗಲಿಲ್ಲ.

ಪಿಳ್ಳಮ್ಮ ಜೀಪಿನ ಹತ್ತಿರ ಓಡಿಬಂದು ಬೈರಪ್ಪನವರ ಕೈ ಹಿಡಿದುಕೊಂಡಳು.

"'ನಾನು ಬೈರಪ್ಪ' ಅಂತ ಒಂದು ಮಾತು ಅಂದಿದ್ರೆ ಮುಂದ್ಲ ಬಾಗ್ಲೇ ತೆಗೀತಿದ್ದೆ ಕಣಪ್ಪೋ," ಎಂದು ಅತ್ತಳು.