ಆರೂ ಚುಕ್ಕೆ ಮುಟ್ಟಿದ ಗೆರೆ

ಚೆಂಡು ಬಕೆಟ್ಟಿನ ಮೇಲಿಂದ ಹಾರಿಹೋಗಿ ನಮ್ಮ ಹೆಡ್‌ಮಿಸ್ಟ್ರೆಸ್ ದೊಡ್ಡ ಮೇಡಂ ಕೈಯಲ್ಲಿದ್ದ ಟೀ ಕಪ್ಪಿಗೆ ಬಡಿಯಿತು.

ಅವರ ಬಟ್ಟೆಯ ಮೇಲೆಲ್ಲ ಟೀ. ಬೆಂಚುಗಳ ಮೇಲೆ ಕೂತಿದ್ದ ಅಪ್ಪ ಅಮ್ಮಂದಿರು ಬಿದ್ದು ಬಿದ್ದು ನಕ್ಕರು. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರು ತಲೆ ತಗ್ಗಿಸಿ ನಿಂತರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಗಣಿತ ಹೇಳಿಕೊಡುವವಳು. ಮಕ್ಕಳು ಬೆನ್ನ ಹಿಂದೆ ಕುಕ್ಕರ್ ಮೇಡಂ ಅನ್ನುತ್ತಾರೆ. ಕೂಗುವ ಮುಂಚೆ ಬುಸುಗುಡುತ್ತೇನಂತೆ. ಅನ್ನಲಿ, ಸುಳ್ಳೇನಲ್ಲ.

ಬಹುಪದೋಕ್ತಿಯ ಬೆಲೆ ಎಲ್ಲಿ ಸೊನ್ನೆಯಾಗುತ್ತದೆ ಕಂಡುಹಿಡಿಯಿರಿ ಅಂದಾಗ, "ಕಂಡುಹಿಡಿದು ಏನ್ ಮಾಡೋದು ಮೇಡಂ?" ಎಂದು ಕೇಳಿದವರು ಇದೇ ಹುಡುಗಿಯರು. ಸರಿ, ಬನ್ನಿ ತೋರಿಸ್ತೀನಿ ಎಂದು ಶನಿವಾರ ಶನಿವಾರ ಮೂಲೆಯ ರೂಮಿಗೆ ಕರೆದುಕೊಂಡು ಹೋದೆ. ಹಲಗೆ, ಸ್ಪ್ರಿಂಗು ಸೇರಿಸಿ ಚೆಂಡು ಎಸೆಯುವ ಯಂತ್ರ ಮಾಡಿದರು. ಚೌಕ ಎಳೆದ ಗೋಡೆಯ ಮುಂದೆ ಚೆಂಡು ಹಾರಿಸಿ, ಫೋಟೋದಲ್ಲಿ ಅದರ ಎತ್ತರ ಅಳೆದು, ಚುಕ್ಕೆ ಇಟ್ಟು, ಆ ದಾರಿಗೆ ಹೊಂದುವ ಎರಡನೇ ಘಾತದ ಬಹುಪದೋಕ್ತಿ ಬರೆದರು. ಅದರ ಬೆಲೆ ಸೊನ್ನೆಯಾಗುವ ಕಡೆ ಎತ್ತರವೂ ಸೊನ್ನೆ, ಅಂದರೆ ಚೆಂಡು ನೆಲ ಮುಟ್ಟುವ ಜಾಗ. ಅಲ್ಲಿ ಬಕೆಟ್ ಇಟ್ಟರೆ ಚೆಂಡು ಒಳಗೆ. ಮೊದಲ ಸಲ ಬಿದ್ದಾಗ ಇವರ ಕಿರುಚಾಟಕ್ಕೆ ವಾಚ್‌ಮನ್ ಓಡಿ ಬಂದಿದ್ದ.

ಆ ರೂಮಿನ ಮೇಲೆ ದೊಡ್ಡ ಮೇಡಂ ಕಣ್ಣಿತ್ತು. ಅಲ್ಲಿ ಟೆಸ್ಟ್ ನಡೆಸಬೇಕೆಂದು ಅವರ ಆಸೆ. "ಅಪ್ಪ ಅಮ್ಮಂದಿರ ಮುಂದೆ ಮಾಡಿ ತೋರಿಸಿ. ಬಿದ್ದರೆ ರೂಮು ನಿಮ್ಮದು," ಅಂದಿದ್ದರು. ಉರು ಹೊಡೆದು ತೋರಿಸಬಾರದೆಂದು ಇವತ್ತು ಬೆಳಿಗ್ಗೆ ತಾವೇ ಹಲಗೆಯ ಓರೆ ಬದಲಾಯಿಸಿದರು. ಚೆಂಡು ಬೀಳುವುದು ಕಾಣದಂತೆ ಅರ್ಧ ದಾರಿಗೆ ಪರದೆ ಕಟ್ಟಿ, ಅಳತೆಗೆಂದು ಒಂದೇ ಒಂದು ಸಲ ಎಸೆಯಲು ಬಿಟ್ಟರು. ಹುಡುಗಿಯರು ಆ ಅರ್ಧ ದಾರಿಯಲ್ಲೇ ಆರು ಚುಕ್ಕೆ ಅಳೆದು, ಲೆಕ್ಕ ಮಾಡಿ, ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದ್ದರು. ಆ ಲೆಕ್ಕವನ್ನು ನಾನೂ ನೋಡಿದ್ದೆ, ಸರಿಯಾಗಿತ್ತು.

ಹಾಗಾದರೆ ಚೆಂಡು ಯಾಕೆ ಬೀಳಲಿಲ್ಲ?

ಬಕೆಟ್ ಎತ್ತಿ ನೋಡಿದೆ. ಹುಡುಗಿಯರ ಗುರುತನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಅಲ್ಲಿಂದ ಯಂತ್ರದ ಕಡೆಗೆ ಒಂದು ಮಾರು ಹಿಂದೆ, ಬಕೆಟ್ ಇದ್ದ ಜಾಗದಲ್ಲಿ, ಹೊಸ ಗುರುತಿತ್ತು. ಪಕ್ಕದಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿತ್ತು: ೩.೮೪೭ ಮೀ. ಬಕೆಟ್ ಇಡುವ ಜಾಗಕ್ಕೆ ಮಿಲಿಮೀಟರಿನ ಲೆಕ್ಕ ಬರೆಯುವ ಪ್ರಾಣಿ ಈ ಸ್ಕೂಲಿನಲ್ಲಿ ಒಂದೇ ಒಂದು.

ದಶಮಾಂಶ ಸರ್. ಪಕ್ಕದ ಕ್ಲಾಸಿನ ಫಿಸಿಕ್ಸ್ ಮೇಷ್ಟ್ರು.

ಫಿಸಿಕ್ಸ್ ಲ್ಯಾಬಿನ ಬಾಗಿಲನ್ನು ದಡಾರನೆ ತಳ್ಳಿದೆ. ಅವನು ಕಿಟಕಿಯ ಹತ್ತಿರ ನಿಂತಿದ್ದ. ಎಲ್ಲವನ್ನೂ ಅಲ್ಲಿಂದಲೇ ನೋಡಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ.

"ನಮ್ಮ ಗುರುತು ಅಳಿಸಿದ್ದು ನೀವೇನಾ?"

"ಮೇಡಂ, ಒಂದ್ನಿಮಿಷ..."

"ಹೌದೋ ಅಲ್ವೋ ಹೇಳಿ!"

"ಹೌದು. ನಿಮ್ಮ ಗ್ರಾಫಲ್ಲಿ ಎರಡು ಚುಕ್ಕೆ ಗೆರೆಯಿಂದ ಹೊರಗಿದ್ವು. ಒಂದು ಮೇಲೆ, ಒಂದು ಕೆಳಗೆ. ನನಗೆ ನೋಡಿ ತಡೆಯೋಕಾಗ್ಲಿಲ್ಲ. ಆರೂ ಚುಕ್ಕೆ ಮುಟ್ಟೋ ಹಾಗೆ ಐದನೇ ಘಾತದ್ದು ಹಾಕ್ದೆ. ಒಂದು ಕೂದಲೂ ಆಚೀಚೆ ಇರ್ಲಿಲ್ಲ ಮೇಡಂ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಅಳೆಯೋರು ಮಕ್ಕಳು, ಕೈ ಒಂಚೂರು ಅಲ್ಲಾಡತ್ತೆ. ಅದನ್ನೂ ಮುಟ್ಟೋಕೆ ಹೋದ್ರೆ ಗೆರೆ ಚುಕ್ಕೆಗಳ ಹಿಂದೆ ಕುಣಿಯತ್ತೆ. ಕೊನೇ ಚುಕ್ಕೆ ದಾಟಿದ ಮೇಲೆ ಎಲ್ಲಿಗೆ ಬೀಳತ್ತೆ ಅಂತ ಯೋಚನೆ ಮಾಡಿದ್ರಾ?"

"ಈಗ ಗೊತ್ತಾಯ್ತು."

"ಈಗ ಗೊತ್ತಾಗಿ ಏನು ಬಂತು? ನನ್ನ ಹುಡುಗಿಯರು ಅಳ್ತಿದ್ದಾರೆ! ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ?"

"ನೀವು ಅಪ್ಪ ಅಮ್ಮಂದಿರನ್ನ ಕರೆಯೋಕೆ ಹೋಗಿದ್ರಿ." ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ನೋಡಿ ಯಾರೂ ನಗಬಾರ್ದು ಅಂತ ಮಾಡ್ದೆ."

ಅವನ ತೋಳಿನ ತುದಿಗೆ ಚಾಕ್‌ಪೀಸಿನ ಪುಡಿ ಅಂಟಿತ್ತು. ಅಂಥ ಕೋಪದಲ್ಲೂ ನನ್ನ ಕಣ್ಣು ಅಲ್ಲಿಗೆ, ಅಲ್ಲಿಂದ ಆ ಕೆಂಪು ಕಿವಿಗೆ ಹೋಯಿತು. ದರಿದ್ರ ಕಣ್ಣು! ತಿಂಗಳುಗಟ್ಟಲೆಯಿಂದ ಇದೇ ಕೆಲಸ ಅದಕ್ಕೆ. ನನಗೆ ಇನ್ನೂ ಸಿಟ್ಟು ಬಂತು.

"ಎಲ್ಲರೂ ನಕ್ಕಾಯ್ತಲ್ಲ. ಈಗ ಬನ್ನಿ. ನನಗಲ್ಲ, ಅವರಿಗೆ ಹೇಳಿ."

ಬಂದ. ಅಂಗಳದ ನಡುವೆ ನಿಂತು, ಎಲ್ಲರೆದುರಿಗೆ, ಒಂದೂ ನೆಪ ಹೇಳದೆ ಹೇಳಿದ. "ಈ ಮಕ್ಕಳ ಲೆಕ್ಕ ಸರಿ ಇತ್ತು. ಇವರನ್ನ ಕೇಳದೆ ನಾನು ಬದಲಾಯಿಸ್ದೆ. ತಪ್ಪು ನನ್ನದು." ಆಮೇಲೆ ಹುಡುಗಿಯರ ಕಡೆ ತಿರುಗಿ, "ಕ್ಷಮಿಸ್ಬೇಕಮ್ಮ," ಅಂದ.

"ಏನ್ ಸರ್ ನೀವು!" ಅಂದಳು ಒಬ್ಬಳು ಮೂಗೊರೆಸಿಕೊಳ್ಳುತ್ತ. ನನ್ನ ಶಿಷ್ಯೆ, ಇನ್ನೇನು ಅಂದಾಳು?

ದೊಡ್ಡ ಮೇಡಂ ಬಟ್ಟೆ ಒರೆಸಿಕೊಳ್ಳುತ್ತಿದ್ದರು. "ಇನ್ನೊಂದೇ ಸಲ. ಆಗಲಿಲ್ಲ ಅಂದ್ರೆ ನಾಳೆನೇ ರೂಮಿನ ಬೀಗ ನನ್ನ ಕೈಗೆ," ಅಂದರು. ಕುರ್ಚಿಯನ್ನು ಮಾತ್ರ ದೂರಕ್ಕೆ ಹಾಕಿಸಿಕೊಂಡರು.

ಗುರುತು ಅಳಿಸಿಹೋಗಿದ್ದರೇನು, ಬಹುಪದೋಕ್ತಿ ಇತ್ತಲ್ಲ. ಹುಡುಗಿಯರು ಮಂಡಿಯೂರಿ ಕೂತು, ಜೋರಾಗಿ ಹೇಳಿಕೊಳ್ಳುತ್ತಾ ಮತ್ತೆ ಸೊನ್ನೆಯ ಜಾಗ ಹುಡುಕಿದರು. ಅಳೆದರು. ಬಕೆಟ್ ಇಟ್ಟರು.

ಸ್ಪ್ರಿಂಗ್ ಬಿಟ್ಟರು. ಚೆಂಡು ಎದ್ದಿತು, ಬಾಗಿತು, ಬಕೆಟ್ಟಿನ ಅಂಚಿಗೆ ಒಳಗಿಂದ ತಗುಲಿ ಡಬ್ ಎಂದು ತಳಕ್ಕೆ ಬಿತ್ತು.

ಹುಡುಗಿಯರ ಕಿರುಚಾಟದಲ್ಲಿ ದೊಡ್ಡ ಮೇಡಂ ಹೇಳಿದ್ದು ಅರ್ಧ ಮಾತ್ರ ಕೇಳಿಸಿತು. "ಇಟ್ಕೊಳ್ಳಿ ನಿಮ್ಮ ರೂಮನ್ನ" ಅಂದರು. ಅಷ್ಟು ಸಾಕಾಗಿತ್ತು.

ರೂಮು ಉಳಿಯಿತು, ಕೋಪ ಇಳಿಯಲಿಲ್ಲ. ಇಳಿಯುವುದರಲ್ಲಿತ್ತು, ಆದರೆ ಅಷ್ಟರಲ್ಲಿ ಅಕ್ಕನ ಫೋನು.

"ಏನೇ, ನಿಮ್ಮ ಸ್ಕೂಲಿನ ಫಿಸಿಕ್ಸ್ ಮೇಷ್ಟ್ರ ಅತ್ತಿಗೆ ಫೋನ್ ಮಾಡಿದ್ರು. ಮೈದುನನಿಗೆ ನಿನ್ನ ಕೇಳ್ತಿದ್ದಾರೆ. ಊಟಕ್ಕೆ ಕೂತ್ರೂ ಬೈತಿರ್ತೀಯಲ್ಲ, ಅವನೇನಾ?"

"ಯಾವಾಗ ಮಾಡಿದ್ರು?"

"ಬೆಳಿಗ್ಗೆ. ಯಾಕೆ, ನಿನಗೆ ಗೊತ್ತಿಲ್ವಾ?"

ಗೊತ್ತಿಲ್ಲ! ನನ್ನ ಗುರುತನ್ನು ನನ್ನನ್ನು ಕೇಳದೆ ಅಳಿಸಿದ. ನನ್ನ ಮದುವೆಯನ್ನೂ ನನ್ನನ್ನು ಕೇಳದೆ ಮಾತಾಡಿಸಲು ಹೊರಟ. ಫೋನ್ ಇಟ್ಟು ಅಂಗಳಕ್ಕೆ ನುಗ್ಗಿದೆ. ಎಲ್ಲರೂ ಹೋಗಿದ್ದರು. ಅವನೊಬ್ಬನೇ ನಿಂತಿದ್ದ.

"ನಿನ್ನ ಅತ್ತಿಗೆ ನಮ್ಮಕ್ಕನಿಗೆ ಫೋನ್ ಮಾಡಿದ್ದಾರೆ! ಏನೋ ಇದು?"

ಅವನು ಗಾಬರಿಯಾದ. "ದೊಡ್ಡವರ ಮೂಲಕ ಬಂದ್ರೆ ಸರಿಯಾಗಿರತ್ತೆ ಅಂತ... ನಿಮಗೆ ಬೇಜಾರಾಗ್ಬಾರ್ದು ಅಂತ..."

"ನನಗೆ ಏನಾಗ್ಬೇಕು, ಏನಾಗ್ಬಾರ್ದು ಅಂತ ಎಲ್ಲಾ ನೀನೇ ಲೆಕ್ಕ ಹಾಕ್ಕೊಂಡ್ರೆ ನಾನ್ಯಾಕೆ ಬೇಕು? ಬಾಯಿಲ್ವಾ ನಿನಗೆ? ದಿನಾ ಸ್ಟಾಫ್ ರೂಮಲ್ಲಿ ಎದುರಿಗೇ ಕೂತಿರ್ತೀನಿ. ಒಂದು ಸಲ ನನ್ನನ್ನ ಕೇಳಿದ್ಯಾ?"

"ಹೆದರಿಕೆ ಆಗತ್ತೆ."

"ಯಾಕೆ, ನಾನೇನು ತಿಂದುಬಿಡ್ತೀನಾ?"

"ಇಲ್ಲ ಅಂದುಬಿಟ್ರೆ ಅಂತ. ನೀವು ಇಲ್ಲ ಅಂದ್ರೆ ಆ ಸ್ಟಾಫ್ ರೂಮಿಗೆ ನಾನು ಹೇಗೆ ಬರ್ಲಿ?"

ಇಷ್ಟು ದಿನ ಈ ಮನುಷ್ಯ ನನ್ನ ತಪ್ಪು ಹುಡುಕಲು ನೋಡುತ್ತಾನೆ ಅಂದುಕೊಂಡಿದ್ದೆ. ಅವನು ನೋಡುತ್ತಿದ್ದುದು ತಪ್ಪನ್ನಲ್ಲ, ನನ್ನನ್ನೇ. ಆದರೂ ಬಿಟ್ಟುಕೊಡಲು ನನಗೇನು ಹುಚ್ಚೇ?

"ಈಗ ಕೇಳು."

"ಈಗ್ಲಾ?"

"ಮತ್ತೆ ನಿಮ್ಮತ್ತಿಗೇನ ಕರೀತೀಯಾ?"

ಅವನು ಗಂಟಲು ಸರಿಮಾಡಿಕೊಂಡ. ನನ್ನ ಕಣ್ಣನ್ನೇ ನೋಡಿದ. "ನನಗೆ ನೀವಂದ್ರೆ ತುಂಬಾ ಇಷ್ಟ. ನೀವು ಬೈಯೋದೂ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

"ಯೋಚನೆ ಮಾಡ್ಬೇಕು."

"ಎಷ್ಟು ಹೊತ್ತು?"

"ಈ ಬೆಂಚುಗಳನ್ನ ಒಳಗಿಟ್ಟು ಬರೋವಷ್ಟು."

ಬೆಂಚುಗಳನ್ನು ನೂಲು ಹಿಡಿದಂತೆ ಸಾಲಾಗಿ ಜೋಡಿಸುವ ಮನುಷ್ಯ ಅವನು. ಒಂದು ಅಡ್ಡ ಇದ್ದರೆ ಕ್ಲಾಸೇ ಶುರುಮಾಡುವುದಿಲ್ಲ. ಒಳಗಿನಿಂದ ದಡಬಡ ಸದ್ದು ಕೇಳಿತು. ಹೋಗಿ ಇಣುಕಿದೆ. ಒಂದು ಗೋಡೆಗೆ, ಒಂದು ಬಾಗಿಲಿಗೆ, ಎರಡು ಒಂದರ ಮೇಲೊಂದು. ಬೆವರು ಒರೆಸಿಕೊಳ್ಳುತ್ತಾ ಅವನು ನನ್ನತ್ತಲೇ ಬರುತ್ತಿದ್ದ.

"ಎಲ್ಲಾ ಸೊಟ್ಟಸೊಟ್ಟ ಇದೆಯಲ್ಲೋ," ಅಂದೆ.

"ಇರ್ಲಿ ಬಿಡಿ," ಅಂದ.

ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಹೂಂ ಕಣೋ," ಅಂದೆ. "ಆಗ್ತೀನಿ."